ನಮ್ಮೂರ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?



ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಭೌತವಿಜ್ಞಾನವನ್ನು ಕಲಿಸುವ ವಿಷಯವಾಗಿ ಮಾತನಾಡಲು ಕನ್ನಡ ಎಂ.ಎ. ಓದಿದವನೊಬ್ಬನನ್ನು ಕರೆದದ್ದೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನನಗೂ ಅನ್ನಿಸಿತು. ಪಂಪ, ರನ್ನ, ಕುಮಾರವ್ಯಾಸರನ್ನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಆದರೆ ಈ ಸಂಕೋಚವನ್ನು ಕಳೆದುಕೊಳ್ಳಲು ನನಗೊಂದು ಹಿರಿಯ ಆಸರೆ ಇದೆ. ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರು. ಅವರೇ ಮುಂದೆ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಭೌತಶಾಸ್ತ್ರದ ಮೇಷ್ಟರು ಪಂಪನನ್ನು ಸಂಪಾದಿಸಬಹುದಾದರೆ, ಪಂಪನನ್ನು ಪಾಠ ಹೇಳಿದವನು ಉಷ್ಣತಾಮಾಪಕದ ವಿಷಯವಾಗಿ ನಾಲ್ಕು ಮಾತು ಆಡಿದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ. ಅದಕ್ಕೂ ಮಿಗಿಲಾಗಿ, ಈ ವಿಷಯದಲ್ಲಿ ನಾನು ತೀರಿಸಬೇಕಾದ ಹಳೆಯ ಬಾಕಿಯೊಂದಿದೆ.

ಟಿ.ಸಿ.ಎಚ್. ಮುಗಿಸಿ 1981ರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಶಾಲೆಗೆ ಮೇಷ್ಟರಾಗಿ ಹೋದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಎಂಬುದು ಆಗಿನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1986ರಲ್ಲಿ. ಶಾಲೆಯಲ್ಲಿ ನಾವು ಮೂವರು. ಹಿರಿಯರಿಬ್ಬರೂ ಬೇಡವೆಂದ ವಿಷಯ ಕಿರಿಯವನ ಪಾಲಿಗೆ ಬರುವುದು ವಾಡಿಕೆ. ಹಾಗಾಗಿ ಕನ್ನಡದ ಹುಚ್ಚಿನ ನನಗೆ ಆರು ಮತ್ತು ಏಳನೆಯ ತರಗತಿಗಳ ವಿಜ್ಞಾನ ಬಂದಿತು. ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಸರ್ಕಾರದಿಂದ ಬಂದಿದ್ದ ವಿಜ್ಞಾನದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಬೀಕರು, ಪ್ರನಾಳ, ಅಯಸ್ಕಾಂತ, ಪೀನ ಮಸೂರ, ಒಂದು ಉಷ್ಣತಾಮಾಪಕ. ಪೆಟ್ಟಿಗೆಗೆ ಬೀಗ. ಒಳಗಿನ ಸಾಮಾನು ಒಡೆದರೆ ಯಾರ ಸಂಬಳದಿಂದ ಮುರಿದುಕೊಳ್ಳುವರೋ ಎಂಬ ಭಯದಿಂದ ವರ್ಷಗಟ್ಟಲೆ ಯಾರೂ ಅದನ್ನು ತೆರೆದಿರಲಿಲ್ಲ. ಎಳೆಯ ವಯಸ್ಸಿನ ಹುರುಪಿನಲ್ಲಿ ನಾನು ತೆರೆಸಿದೆ. ಅಷ್ಟರ ಮಟ್ಟಿಗೆ ನನ್ನನ್ನು ನಾನು ಹೊಗಳಿಕೊಳ್ಳಬಹುದು. ಮುಂದಿನದು ಹೊಗಳಿಕೆಯ ಮಾತಲ್ಲ.

ಏಳನೆಯ ತರಗತಿಯ ಪಾಠ: ನೀರಿನ ಕುದಿಬಿಂದು. ಸೀಮೆಎಣ್ಣೆ ಸ್ಟೌ ಒಂದನ್ನು ಪಕ್ಕದ ಮನೆಯಿಂದ ಎರವಲು ತಂದೆವು. ಬೀಕರಿನಲ್ಲಿ ಬಾವಿಯ ನೀರು. ಮಕ್ಕಳು ಸುತ್ತ ಕುಳಿತರು. ಒಬ್ಬೊಬ್ಬರೂ ಬಂದು ಪಾದರಸ ಎಲ್ಲಿ ನಿಂತಿದೆ ಎಂದು ನೋಡಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನೀರು ಕೊತಕೊತನೆ ಕುದಿಯಿತು. ಪಾದರಸ ಒಂದು ಕಡೆ ನಿಂತದ್ದು ಅಲ್ಲೇ ನಿಂತಿತು. ಮರುದಿನ ಪುಸ್ತಕಗಳನ್ನು ತಿದ್ದಲು ಕುಳಿತೆ. ನಲವತ್ತು ಮಕ್ಕಳಲ್ಲಿ ಬಹುಮಂದಿ 100 ಎಂದು ಬರೆದಿದ್ದರು, ಪಾಠಪುಸ್ತಕದಲ್ಲಿ ಹಾಗಿತ್ತು. ಕೆಲವರು 99 ಎಂದು ಬರೆದು ಹೊಡೆದುಹಾಕಿ 100 ಮಾಡಿದ್ದರು. ಒಬ್ಬ ಹುಡುಗಿ ಮಾತ್ರ 97 ಎಂದು ಬರೆದಿದ್ದಳು. ಮಗ್ಗದವರ ಮನೆಯ ಹುಡುಗಿ, ಮಾತು ಕಡಿಮೆ. ನಾನು ಆ 97ನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ದಪ್ಪವಾಗಿ 100 ಎಂದು ಬರೆದೆ. ಕೆಳಗೆ ‘ಸರಿಯಾಗಿ ನೋಡಿ ಬರೆ’ ಎಂದು ಉಪದೇಶವನ್ನೂ ಬರೆದೆ.

ನಾನು ಸ್ವತಃ ಬೀಕರಿನ ಬಳಿ ಬಗ್ಗಿ ನೋಡಿದ್ದೆನೆ? ನೋಡಿದ್ದೆ. ಏನು ಕಂಡಿತ್ತು? ಪ್ರಾಮಾಣಿಕವಾಗಿ ಹೇಳುವುದಾದರೆ, 100 ಕಂಡಿತ್ತು. ಕಾಣಬೇಕೆಂದು ಗೊತ್ತಿದ್ದುದರಿಂದ ಕಂಡಿತ್ತು.

ನಾಲ್ಕು ವರ್ಷಗಳ ಮೇಲೆ ಆ ಕೆಲಸ ಬಿಟ್ಟು ಎಂ.ಎ. ಮಾಡಿದೆ, ಕಾಲೇಜು ಸೇರಿದೆ. ಅಲ್ಲಿ ಒಮ್ಮೆ ಗ್ರಂಥಸಂಪಾದನೆಯ ಪಾಠ ನನ್ನ ಪಾಲಿಗೆ ಬಂದಿತು. ಹಳೆಯ ಓಲೆಯ ಪ್ರತಿಯನ್ನು ಸಂಪಾದಿಸುವವನಿಗೆ ಮೊದಲ ನಿಯಮವೊಂದಿದೆ: ಓಲೆಯಲ್ಲಿ ಇರುವುದನ್ನು ಇರುವಂತೆಯೇ ದಾಖಲಿಸು. ಅದು ನಿನಗೆ ತಪ್ಪೆಂದು ತೋರಿದರೂ ಸದ್ದಿಲ್ಲದೆ ತಿದ್ದಬೇಡ. ನಿನ್ನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಹಾಕು. ಇದನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ಆ ಕೆಂಪು ಶಾಯಿ ನೆನಪಿಗೆ ಬಂದಿತು. ತರಗತಿ ಮುಗಿದೊಡನೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರೊಬ್ಬರ ಬಳಿಗೆ ಹೋಗಿ ಕೇಳಿದೆ: ದೊಡ್ಡಬಳ್ಳಾಪುರದಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಅವರು ಒಂದು ಗಳಿಗೆ ಸೂರನ್ನು ನೋಡಿ, “ತೊಂಬತ್ತೇಳರ ಹತ್ತಿರ” ಎಂದರು.

ಕಾರಣ ಸರಳವಾದದ್ದು. ನೀರು ಕುದಿಯುವುದೆಂದರೆ ಅದರೊಳಗೆ ಆವಿಯ ಗುಳ್ಳೆಗಳು ಹುಟ್ಟಿ ಮೇಲೇಳುವುದು. ಹಾಗೆ ಹುಟ್ಟಬೇಕಾದರೆ ಗುಳ್ಳೆಯೊಳಗಿನ ಆವಿ, ಮೇಲಿನಿಂದ ಅದುಮುತ್ತಿರುವ ಗಾಳಿಯ ಒತ್ತಡಕ್ಕೆ ಸರಿಸಮನಾಗಿ ನಿಲ್ಲಬೇಕು. ಸಮುದ್ರದ ದಡದಲ್ಲಿ ತಲೆಯ ಮೇಲಿರುವ ಗಾಳಿಯ ಹೊರೆ ಹೆಚ್ಚು, ಮೇಲೇರಿದಂತೆ ಕಡಿಮೆ. ಹೊರೆ ಕಡಿಮೆಯಾದಂತೆ ನೀರು ಬೇಗನೆ, ಎಂದರೆ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಸುಮಾರಾಗಿ 300 ಮೀಟರು ಏರಿದರೆ ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಯೆಲ್ಲ ಸಮುದ್ರಮಟ್ಟದಿಂದ ಹೆಚ್ಚು ಕಡಿಮೆ 900 ಮೀಟರು ಎತ್ತರದಲ್ಲಿದೆ. ಲೆಕ್ಕ ನೀವೇ ಹಾಕಬಹುದು. ಮಂಗಳೂರಿನಲ್ಲಿ 100 ಎಂದು ಬರೆದ ಮಗು ಕಂಡದ್ದನ್ನು ಬರೆದಿರುತ್ತದೆ. ನಮ್ಮಲ್ಲಿ 100 ಎಂದು ಬರೆದ ಮಗು ಓದಿದ್ದನ್ನು ಬರೆದಿರುತ್ತದೆ.

ಈ ನೂರನ್ನು ಕಟ್ಟಿಕೊಟ್ಟ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸನಿಗೆ ಇದು ಚೆನ್ನಾಗಿ ಗೊತ್ತಿತ್ತು. 1742ರಲ್ಲಿ ಅವನು ತನ್ನ ಅಳತೆಯನ್ನು ಪ್ರಕಟಿಸಿದಾಗಲೇ, ಕುದಿಬಿಂದು ವಾಯುಭಾರವನ್ನು ಅವಲಂಬಿಸಿ ಏರಿಳಿಯುತ್ತದೆಂದು ತಿಳಿಸಿದ್ದ. (ಅವನ ಮೂಲ ಅಳತೆಯಲ್ಲಿ ಕುದಿಯುವ ನೀರಿಗೆ ಸೊನ್ನೆ, ಹೆಪ್ಪುಗಟ್ಟುವ ನೀರಿಗೆ ನೂರು. ಅವನು ತೀರಿಕೊಂಡ ಮೇಲೆ ಅದನ್ನು ತಲೆಕೆಳಗು ಮಾಡಿದರು. ಇದನ್ನು ಹೇಳಿದರೆ ಮಕ್ಕಳಿಗೆ ಬಹಳ ಖುಷಿ.) 1787ರಲ್ಲಿ ಸೊಸ್ಯೂರ್ ಎಂಬ ಜಿನೀವಾದ ವಿದ್ವಾಂಸ ಮಾಂ ಬ್ಲಾಂ ಶಿಖರವನ್ನು ಹತ್ತಿ ಅಲ್ಲಿ ನೀರು ಕಾಯಿಸಿ, ಅದು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದನ್ನು ಕಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಮಾಲಯದಲ್ಲಿ ಅಲೆದ ಅನ್ವೇಷಕರು ತಾವು ನಿಂತ ಜಾಗದ ಎತ್ತರವನ್ನು ತಿಳಿಯಲು ನೀರನ್ನು ಕುದಿಸಿ ಉಷ್ಣತಾಮಾಪಕವನ್ನು ನೋಡುತ್ತಿದ್ದರು. ಎಂದರೆ ಆ ಹುಡುಗಿ ಬರೆದ 97, ತಪ್ಪಾಗುವುದಿರಲಿ, ನಮ್ಮೂರು ಸಮುದ್ರದಿಂದ ಎಷ್ಟು ಮೇಲಿದೆ ಎಂಬುದರ ಅಳತೆಯಾಗಿತ್ತು. ಒಂದು ಬೀಕರು ನೀರಿನಿಂದ ಊರಿನ ಎತ್ತರವನ್ನು ಅಳೆದಿದ್ದಳು. ಆ ಪಾಠವನ್ನು ನಾನು ಕೆಂಪು ಶಾಯಿಯಿಂದ ಅಳಿಸಿದೆ.

ಇಲ್ಲಿ ಯಾರಾದರೂ ತಕರಾರು ತೆಗೆಯಬಹುದು: ಶಾಲೆಯ ಅಗ್ಗದ ಉಷ್ಣತಾಮಾಪಕವೇ ಎರಡು ಮೂರು ಡಿಗ್ರಿ ತಪ್ಪಿದ್ದರೆ? ನ್ಯಾಯವಾದ ತಕರಾರು. ಅದಕ್ಕೆ ಉತ್ತರವೂ ಹಳ್ಳಿಯಲ್ಲೇ ಸಿಗುತ್ತದೆ. ಐಸ್‌ಕ್ಯಾಂಡಿ ಮಾರುವವನ ಡಬ್ಬಿಯಿಂದ ಒಂದಿಷ್ಟು ಬರಿಯ ಮಂಜುಗಡ್ಡೆ ಕೇಳಿ ತಂದು, ಕುಟ್ಟಿ, ಅದು ಕರಗುತ್ತಿರುವಾಗ ಉಷ್ಣತಾಮಾಪಕವನ್ನು ಅದರಲ್ಲಿಡಿ. ಕರಗುವ ಬಿಂದು ಊರಿನ ಎತ್ತರಕ್ಕೆ ಸೊಪ್ಪು ಹಾಕುವುದಿಲ್ಲ. ಪಾದರಸ ಸೊನ್ನೆಯ ಮೇಲೆ ನಿಂತರೆ ಕೆಳಗಿನ ತುದಿಯಲ್ಲಾದರೂ ಉಪಕರಣ ನೆಚ್ಚಿಗೆಗೆ ತಕ್ಕದ್ದು. ನೋಡುವ ಕಣ್ಣು ಪಾದರಸದ ಮಟ್ಟಕ್ಕೇ ಇರಬೇಕು, ಮೇಲಿನಿಂದ ಬಗ್ಗಿ ನೋಡಬಾರದು. ಉಪಕರಣವನ್ನು ಶಂಕಿಸುವುದು, ಶಂಕೆಯನ್ನು ಪರೀಕ್ಷಿಸುವುದು, ಇವೂ ಪಾಠದ ಭಾಗವೇ. ಬಹುಶಃ ಇವೇ ಪಾಠ.

ಆ ಹುಡುಗಿಯನ್ನು ನಾನು ಮತ್ತೆ ಕಂಡೆ. ಹದಿನೈದು ವರ್ಷಗಳ ಮೇಲೆ ಘಾಟಿ ಸುಬ್ರಹ್ಮಣ್ಯದಲ್ಲಿ, ದರ್ಶನದ ಸಾಲಿನಲ್ಲಿ. ಏಳನೆಯ ತರಗತಿಗೇ ಓದು ನಿಂತಿತ್ತು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಕೆಲಸ, ಮದುವೆ, ಎರಡು ಮಕ್ಕಳು. ಅವಳೇ ಗುರುತು ಹಿಡಿದು ಮಾತನಾಡಿಸಿದಳು. ನಾನು ನೀರಿನ ವಿಷಯವನ್ನೆತ್ತಿ, ಅಂದು ನೀನು ಬರೆದದ್ದೇ ಸರಿ, ನಾನು ತಪ್ಪು ತಿದ್ದಿದೆ ಎಂದೆ. ಅವಳು ನಕ್ಕಳು. “ಬಿಡಿ ಸಾ. ನನ್ ಕಣ್ಣೇ ಸರಿಯಿಲ್ಲ ಅಂದ್ಕೊಂಡಿದ್ದೆ. ಅವತ್ತು ಮನೆಗೋಗಿ ನಮ್ಮಪ್ಪಂಗೆ ಹೇಳ್ದೆ, ಕನ್ನಡಕ ಹಾಕುಸ್ಬೇಕೇನೋ ಅಂತ.”

ಮಗ್ಗದಲ್ಲಿ ಕಡಿದ ರೇಷ್ಮೆಯ ಎಳೆಯನ್ನು ಹುಡುಕಿ ಗಂಟು ಹಾಕುವ ಕಣ್ಣು ಅದು. ಸಾಲು ಮುಂದೆ ಸರಿಯಿತು. ನನಗೆ ಬೇರೆ ಮಾತು ಹೊಳೆಯಲಿಲ್ಲ.

ಘಾಟಿಯ ಮಾತು ಬಂದುದರಿಂದ ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖಮಾಡಿ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖಮಾಡಿ ನರಸಿಂಹ. ಎದುರಿಗೆ ನಿಂತ ಭಕ್ತರಿಗೆ ಇಬ್ಬರೂ ಕಾಣಲೆಂದು ಗರ್ಭಗುಡಿಯಲ್ಲಿ ವಿಗ್ರಹದ ಹಿಂದೆ ದೊಡ್ಡ ಕನ್ನಡಿಯನ್ನು ಇಟ್ಟಿದ್ದಾರೆ. ಸಮತಲ ದರ್ಪಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನಮ್ಮ ತಾಲ್ಲೂಕಿನಲ್ಲಿಲ್ಲ. ಕನ್ನಡಿ ವಿಗ್ರಹದಷ್ಟೇ ಅಗಲವಾಗಿದ್ದು ನೇರವಾಗಿ ನಿಂತಿದ್ದರೆ, ಎದುರಿಗೆ ನಿಂತವನಿಗೆ ನರಸಿಂಹನ ಮುಖ ಕಾಣುತ್ತಿತ್ತೆ, ಅಥವಾ ವಿಗ್ರಹವೇ ಅಡ್ಡ ಬರುತ್ತಿತ್ತೆ? ಯಾವ ಕೋನದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ? ಒಂದು ಬೊಂಬೆಯನ್ನೂ ಕೈಗನ್ನಡಿಯನ್ನೂ ಕೊಟ್ಟು ಮಕ್ಕಳನ್ನು ಕೇಳಿ ನೋಡಿ. ನಾನು ಒಮ್ಮೆ ಕೇಳಿದಾಗ ಒಬ್ಬ ಹುಡುಗ ತಿರುಗಿ ನನ್ನನ್ನೇ ಕೇಳಿದ: ನಮಗೆ ನರಸಿಂಹ ಕಾಣುತ್ತಾನಲ್ಲ, ನರಸಿಂಹನಿಗೆ ನಾವು ಕಾಣುತ್ತೇವೆಯೇ? ಬೆಳಕು ಹೋದ ದಾರಿಯಲ್ಲೇ ಹಿಂದಿರುಗಬಲ್ಲದು. ನಿನಗೆ ಆ ಮುಖ ಕಂಡರೆ ಆ ಮುಖವಿರುವ ಜಾಗದಿಂದ ನೀನೂ ಕಾಣುತ್ತೀ ಎಂದೆ. ಅವನಿಗೆ ಭಕ್ತಿಯೂ ಉಳಿಯಿತು, ಭೌತವಿಜ್ಞಾನವೂ ದಕ್ಕಿತು.

ನೆಲಮಂಗಲ ತಾಲ್ಲೂಕಿನ ಶಿವಗಂಗೆಯದು ಇದಕ್ಕಿಂತ ಸೂಕ್ಷ್ಮವಾದ ಪ್ರಕರಣ. ಗಂಗಾಧರೇಶ್ವರನ ಲಿಂಗಕ್ಕೆ ತಿಕ್ಕಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆಯನ್ನು ನೀವೆಲ್ಲ ಕೇಳಿದ್ದೀರಿ. ಹನ್ನೆರಡು ವರ್ಷದ ಮಗು ಅದನ್ನು ತರಗತಿಯಲ್ಲಿ ಕೇಳದೆ ಬಿಡುವುದಿಲ್ಲ. ಆಗ ಮೇಷ್ಟರಿಗೆ ಎರಡು ಸುಲಭವಾದ ದಾರಿಗಳಿವೆ: ‘ದೇವರ ವಿಷಯ ಇಲ್ಲಿ ಬೇಡ’ ಎನ್ನುವುದು ಒಂದು, ‘ಅದೆಲ್ಲ ಸುಳ್ಳು’ ಎನ್ನುವುದು ಇನ್ನೊಂದು. ಎರಡೂ ಮಗುವಿನ ಬಾಯನ್ನು ಮುಚ್ಚಿಸುತ್ತವೆ. ಎಚ್. ನರಸಿಂಹಯ್ಯನವರಂಥ ಭೌತಶಾಸ್ತ್ರದ ಅಧ್ಯಾಪಕರು ಜೀವನವಿಡೀ ಪ್ರಶ್ನೆ ಕೇಳಿರಿ, ಕೇಳಿರಿ ಎಂದದ್ದು ಹೀಗೆ ಮುಚ್ಚಿಸುವುದರ ವಿರುದ್ಧವಾಗಿ. ಮೂರನೆಯ ದಾರಿ ಯಾವುದೆಂದರೆ, ಮನೆಯಲ್ಲಿ ಒಂದು ಚಮಚ ತುಪ್ಪವನ್ನು ತಣ್ಣೀರಿನೊಡನೆ ತಟ್ಟೆಯಲ್ಲಿ ಹಾಕಿ ಬಹಳ ಹೊತ್ತು ತಿಕ್ಕಿ ನೋಡು ಎನ್ನುವುದು. ತುಪ್ಪ ಬೆಳ್ಳಗಾಗಿ ನುಣ್ಣನೆಯ ಮುದ್ದೆಯಾಗುತ್ತದೆ. ನಮ್ಮ ಆಯುರ್ವೇದದವರು ತುಪ್ಪವನ್ನು ನೂರು ಬಾರಿ ನೀರಿನಲ್ಲಿ ತೊಳೆದು ‘ಶತಧೌತ ಘೃತ’ ಎಂಬ ಬಿಳಿಯ ಲೇಪವನ್ನು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಶಿವಗಂಗೆಯಲ್ಲಿ ನಡೆಯುವುದು ಇದೇ ಎಂದು ನಾನು ತೀರ್ಪು ಕೊಡುವುದಿಲ್ಲ. ಬೆಣ್ಣೆ ಎಂದರೇನು, ತುಪ್ಪ ಎಂದರೇನು, ಕಾಸಿದಾಗ ಬೆಣ್ಣೆಯಿಂದ ಹೊರಟುಹೋದದ್ದೇನು ಎಂದು ಮಗು ಯೋಚಿಸಲು ತೊಡಗಿದರೆ ಅಂದಿನ ಪಾಠ ಮುಗಿಯಿತು.

ಇನ್ನು ಭಾಷೆಯ ವಿಷಯ; ಇದು ನನ್ನ ಹೊಲ, ಆದ್ದರಿಂದ ನಾಲ್ಕು ಮಾತು ಹೆಚ್ಚಾದರೆ ಕ್ಷಮಿಸಿ. ವಿಜ್ಞಾನ ಕನ್ನಡದಲ್ಲಿ ಹೇಳಲು ಬಾರದು ಎಂಬ ಮಾತನ್ನು 1936ರಲ್ಲಿ ‘ಬಾಲ ಪ್ರಪಂಚ’ವನ್ನು ತಂದ ಶಿವರಾಮ ಕಾರಂತರೂ, 1978ರಿಂದ ‘ಬಾಲ ವಿಜ್ಞಾನ’ ಪತ್ರಿಕೆಯ ಮೂಲಕ ಜೆ.ಆರ್. ಲಕ್ಷ್ಮಣರಾಯರೂ ಸಂಗಡಿಗರೂ ಎಂದೋ ಸುಳ್ಳು ಮಾಡಿದ್ದಾರೆ. ತೊಡಕಿರುವುದು ಬೇರೆ ಕಡೆ. ನಾವು ಮಗುವಿನ ಬಾಯಲ್ಲಿರುವ ಮಾತನ್ನು ಕಿತ್ತುಕೊಂಡು, ಅದೇ ಮಾತಿಗೆ ಬೇರೆ ಅರ್ಥ ತುಂಬಿ ಕೊಡುತ್ತೇವೆ. ಹಾಗೆ ಮಾಡಿದ್ದೇವೆಂದು ಮಾತ್ರ ಹೇಳುವುದಿಲ್ಲ. ‘ಕೆಲಸ’ ಎಂಬ ಪದವನ್ನೇ ನೋಡಿ. ಬಲ ಪ್ರಯೋಗಿಸಿದ ದಿಕ್ಕಿನಲ್ಲಿ ವಸ್ತು ಚಲಿಸಿದರೆ ಮಾತ್ರ ಕೆಲಸ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಗಂಟೆಗಟ್ಟಲೆ ನಿಂತಿದ್ದರೂ ಹೊರೆಯ ಮೇಲೆ ನಡೆದ ಕೆಲಸ ಸೊನ್ನೆ. ನಾನು ಇದನ್ನು ಬಹಳ ಗತ್ತಿನಿಂದ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದು, “ಹಂಗಾರೆ ನಮ್ಮವ್ವಂಗೆ ಗೌಡ್ರು ಕೂಲಿ ಕೊಡೋದು ಬ್ಯಾಡ್ವಾ ಸಾ?” ಎಂದ. ತರಗತಿಯೆಲ್ಲ ನಕ್ಕಿತು. ಅವನು ನಗಿಸಲು ಕೇಳಿರಲಿಲ್ಲ. ಹೊರೆ ಕದಲದಿದ್ದರೂ ಅವ್ವನ ಸ್ನಾಯುಗಳು ಒಳಗೊಳಗೇ ಬಿಗಿದು ಸಡಿಲಿ ಶಕ್ತಿಯನ್ನು ವ್ಯಯಮಾಡುತ್ತಿರುತ್ತವೆ, ದಣಿವು ನಿಜ, ಭೌತವಿಜ್ಞಾನ ಇಲ್ಲಿ ಲೆಕ್ಕ ಹಾಕುತ್ತಿರುವುದು ಹೊರೆಗೆ ಸಂದದ್ದನ್ನು ಮಾತ್ರ. ಇಷ್ಟು ವಿವರಿಸುವ ತಿಳಿವಳಿಕೆ ನನಗೆ ಆಗ ಇರಲಿಲ್ಲ. ‘ಕುಳಿತುಕೊಳ್ಳೋ’ ಎಂದೆ.

ಕೆಲವು ಪದಗಳು ಹಳೆಯ ತಪ್ಪನ್ನೇ ಹೊತ್ತುಕೊಂಡು ಬಂದಿವೆ. ‘ಆಮ್ಲಜನಕ’ ಎಂದರೆ ಹುಳಿಯನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಅದಿರಲೇಬೇಕೆಂದು ಲಾವಾಸಿಯೆ ಬಗೆದು ಗ್ರೀಕ್ ಮೂಲದಿಂದ ಕಟ್ಟಿದ ಹೆಸರನ್ನು ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಹಂಫ್ರಿ ಡೇವಿ ಇದನ್ನು ತೋರಿಸಿದ. ಹೆಸರನ್ನು ಬದಲಾಯಿಸಬೇಕೆಂದು ನಾನು ಹೇಳುತ್ತಿಲ್ಲ. ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ, ದೊಡ್ಡವರೂ ತಪ್ಪುತ್ತಾರೆ, ತಪ್ಪು ಹೊರಬೀಳುವುದಕ್ಕೂ ದಾರಿಯಿದೆ ಎಂಬುದು ಒಂದೇ ಪದದಲ್ಲಿ ತಿಳಿಯುತ್ತದೆ. ಅದೇ ರೀತಿ, ನಮ್ಮ ಅಡುಗೆಮನೆಯ ಕನ್ನಡ ಪಾಠಪುಸ್ತಕದ ಕನ್ನಡಕ್ಕಿಂತ ಎಷ್ಟೋ ವೇಳೆ ನಿಖರವಾದದ್ದು. ಎಸರು ಬೆಚ್ಚಗಾಗುವುದು, ಕಾಯುವುದು, ಕುದಿಯುವುದು, ಮರಳುವುದು ಬೇರೆ ಬೇರೆ. ಮುದ್ದೆಗೆ ಹಿಟ್ಟು ಹಾಕುವ ಹದ ಯಾವುದೆಂದು ಹತ್ತು ವರ್ಷದ ಹುಡುಗಿಗೆ ಗೊತ್ತು. ಕೆಟಲಿನ ಮೂತಿಯ ಬಾಯಿಗೆ ಹತ್ತಿದಂತೆ ಒಂದು ಬೆರಳಿನಷ್ಟು ಜಾಗದಲ್ಲಿ ಏನೂ ಕಾಣುವುದಿಲ್ಲ, ಅದರಾಚೆಗೆ ಬೆಳ್ಳಗೆ ಹೊಗೆಯಂತೆ ಕಾಣುತ್ತದೆ. ಕಾಣದಿರುವುದು ಆವಿ; ಕಾಣುವುದು ಆವಿ ತಣಿದು ಆದ ನೀರಿನ ಸಣ್ಣ ಹನಿಗಳು. ಅದನ್ನು ‘ಹಬೆ’ ಎಂದು ಕರೆದು ಎರಡನ್ನೂ ಬೇರೆಮಾಡಿ ಕಲಿಸಲು ನಮ್ಮಲ್ಲಿ ಎರಡು ಪದಗಳು ಸಿದ್ಧವಾಗಿವೆ. ಪಾಠಪುಸ್ತಕ ಬರೆಯುವವರು ಎರಡನ್ನೂ ಕಲಸಿಬಿಡುತ್ತಾರೆ.

ಪ್ರಯೋಗದ ಮೂಲಕವೇ ಕಲಿಸುವುದು ಬಡ ಶಾಲೆಗಳಲ್ಲಿ ಆಗದ ಮಾತು ಎನ್ನುವವರಿದ್ದಾರೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಅದನ್ನು ಆರಂಭಿಸಿ, ಮುಂದೆ ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿಸಿ, ಮೂವತ್ತು ವರ್ಷ ನಡೆಸಿದರು. ಮಕ್ಕಳು ಗುಂಪುಗಳಾಗಿ ಕುಳಿತು ಪ್ರಯೋಗ ಮಾಡಿ, ಬಂದ ಫಲವನ್ನು ಚರ್ಚಿಸಿ ತಾವೇ ಬರೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಸಿದ್ಧ ಉತ್ತರಗಳಿರಲಿಲ್ಲ. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆಯಬಹುದಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದರ ಹಿಂದಿನ ವಾದವಿವಾದ ದೊಡ್ಡದು, ಇಲ್ಲಿ ಬೇಡ. ಮೂವತ್ತು ವರ್ಷ ನಡೆಯಿತು ಎಂಬುದಷ್ಟೇ ನನ್ನ ಮಾತಿಗೆ ಸಾಕು. ನಮ್ಮಲ್ಲಿ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ 100 ಬೇಕಿತ್ತು. 97 ಬರೆದ ಮಗುವಿಗೆ ಅಂಕ ಹೋಗುತ್ತಿತ್ತು. ಆ ದಿನ ನನಗೆ ಕುದಿಬಿಂದುವಿನ ನಿಜ ಗೊತ್ತಿದ್ದರೂ ನಾನು ಏನು ಮಾಡುತ್ತಿದ್ದೆನೋ! ‘ನೀನು ಕಂಡದ್ದು ಸರಿ, ಆದರೆ ಪರೀಕ್ಷೆಯಲ್ಲಿ 100 ಬರೆ’ ಎನ್ನುತ್ತಿದ್ದೆನೆಂದು ತೋರುತ್ತದೆ. ಇದು ಮೊದಲಿನದಕ್ಕಿಂತ ಒಳ್ಳೆಯದೋ ಕೆಟ್ಟದ್ದೋ ನಾನಿನ್ನೂ ತೀರ್ಮಾನಿಸಿಲ್ಲ.

ಈಗಿನ ಮಕ್ಕಳಿಗೆ ಹತ್ತಿರದಲ್ಲೇ ಇರುವ ಸೌಭಾಗ್ಯಗಳು ನಮಗಿರಲಿಲ್ಲ. ಹೊಸಕೋಟೆಯಲ್ಲಿ ಶಿಡ್ಲಘಟ್ಟದ ರಸ್ತೆಯ ಬದಿಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರು ಎತ್ತರದಲ್ಲಿ ನಿಂತಿರುವ ಎರಡು ಮೀಟರು ವ್ಯಾಸದ ಚಂದ್ರ ದೂರದರ್ಶಕವನ್ನು ಉಪಗ್ರಹದ ಸಂಪರ್ಕದ ಮೂಲಕ ಅಲ್ಲಿಂದಲೇ ನಡೆಸುತ್ತಾರೆ. ಹೊಸಕೋಟೆಯ ಸಂತೆಗೆ ಬಂದುಹೋಗುವ ಎಷ್ಟು ಜನಕ್ಕೆ ಇದು ತಿಳಿದಿದೆ? ಆ ದೂರದರ್ಶಕದ ಬುಡದಲ್ಲಿ ಯಾರಾದರೂ ಚಹಾ ಕಾಯಿಸಿದರೆ ನೀರು 85 ಡಿಗ್ರಿಯ ಸುಮಾರಿಗೇ ಕುದಿದುಬಿಡುತ್ತದೆ. ಅಷ್ಟು ದೂರವೇಕೆ, ದೊಡ್ಡಬಳ್ಳಾಪುರದಿಂದ ಕಣ್ಣಿಗೆ ಕಾಣುವ ನಂದಿಬೆಟ್ಟದ ಮೇಲೆ ನೀರು ಕುದಿಯುವುದು 95ಕ್ಕೆ. ಅಲ್ಲಿಗೆ ಪ್ರವಾಸ ಹೋದ ಮಕ್ಕಳ ಕೈಯಲ್ಲಿ ಚಿಪ್ಸಿನ ಪೊಟ್ಟಣ ಉಬ್ಬಿಕೊಳ್ಳುತ್ತದೆ. ನೋಡದ ಮಗುವಿಲ್ಲ, ಏಕೆಂದು ಕೇಳುವ ಮೇಷ್ಟರು ಬೇಕು.

ಹೋದ ವರ್ಷ ನಮ್ಮ ಸೀಮೆಯ ಒಂದು ಶಾಲೆಯ ಮೇಷ್ಟರು, ನನ್ನ ಹಳೆಯ ವಿದ್ಯಾರ್ಥಿ, ಸಾಹಿತ್ಯದ ಕಾರ್ಯಕ್ರಮಕ್ಕೆಂದು ಕರೆದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಏಳನೆಯ ತರಗತಿಯ ಕೊಠಡಿಗೆ ಕರೆದೊಯ್ದರು. ಗೋಡೆಯ ಮೇಲೆ ದೊಡ್ಡ ತೆರೆ. ಅದರಲ್ಲಿ ಬಣ್ಣದ ನೀರು ಕುದಿಯಿತು, ಬಣ್ಣದ ಪಾದರಸ ಏರಿತು, ನೂರಕ್ಕೆ ಸರಿಯಾಗಿ ನಿಂತಿತು. ಬಹಳ ಅಂದವಾಗಿತ್ತು. ನಾನು ಬಿಸಿಯೂಟದ ಅಡುಗೆಮನೆಯಿಂದ ಒಂದು ಪಾತ್ರೆ ಎಸರು ಇಡಿಸಬಹುದೇ ಎಂದು ಕೇಳಿದೆ. ಉಷ್ಣತಾಮಾಪಕ ಬೀರುವಿನಲ್ಲೇ ಇತ್ತು. ಬೀಗದ ಕೈ ಹುಡುಕಲು ಹತ್ತು ನಿಮಿಷ ಹಿಡಿಯಿತು. ಮಕ್ಕಳಲ್ಲಿ ಊರಿನವರಿದ್ದರು, ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರ, ಒಡಿಶಾದವರ, ಬಿಹಾರದವರ ಮಕ್ಕಳೂ ಇದ್ದರು. ಎಸರು ಮರಳಿತು. ಒಬ್ಬ ಹುಡುಗ ಉಷ್ಣತಾಮಾಪಕದ ಮಟ್ಟಕ್ಕೆ ಮುಖ ತಗ್ಗಿಸಿ ನೋಡಿದ. ನೋಡಿ, ಏನನ್ನೂ ಹೇಳದೆ, ತನ್ನ ಮೇಷ್ಟರ ಮುಖವನ್ನು ನೋಡಿದ. ಆಮೇಲೆ ಗೋಡೆಯ ತೆರೆಯನ್ನು ನೋಡಿದ. ಅವನ ಮೇಷ್ಟರು ಜಾಣರು, ಸುಮ್ಮನಿದ್ದರು.

“ತೊಂಬತ್ತೇಳು” ಎಂದ ಹುಡುಗ, ಮೆಲ್ಲಗೆ.

“ಇಲ್ಲ, ತೊಂಬತ್ತಾರೂವರೆ” ಎಂದಳು ಪಕ್ಕದ ಹುಡುಗಿ, ಅವನನ್ನು ಪಕ್ಕಕ್ಕೆ ನೂಕಿ ಬಗ್ಗುತ್ತ. ಇನ್ನಿಬ್ಬರು ನುಗ್ಗಿದರು. ಬಿಸಿಯೂಟದ ಅಮ್ಮ ಬಾಗಿಲಲ್ಲಿ ನಿಂತು, ಹಿಟ್ಟು ಹಾಕುವ ಹೊತ್ತಾಯಿತು, ನನ್ನ ಎಸರು ಕೊಡ್ರಪ್ಪಾ ಎಂದು ಕೂಗುತ್ತಿದ್ದರು, ಯಾರೂ ಕಿವಿಗೊಡಲಿಲ್ಲ.